ಸೂರಿನಡಿ ಒಂದು ಬಾಯಿ

ಹೊಸ ವರುಷಕ್ಕೆ ಹನ್ನೊಂದು ದಿನವಿತ್ತು.
ಶುನ್‌ಪು ದಂಡೆಯ ಮೀನುಸಂತೆಯ ಬಾಯಿಗೆ
ಅಪ್ಪನ ಮೇಜು. ಮೇಜಿಗೆ ಮೂರೇ ಕಾಲು,
ನಾಲ್ಕನೆಯದು ಇಟ್ಟಿಗೆ.
ಮಸಿ ತೇಯುವವಳು ನಾನು.
ಕೆಂಪು ಹಾಳೆ ಗಾಳಿಗೆ ಹಾರದಂತೆ
ಮೂಲೆಗೊಂದು ಚಿಪ್ಪು ಇಡುವವಳೂ ನಾನೇ.

ಬಂದಳು ಸೋಖಿಮ್, ಸಿಂಪಿ ಬಿಡಿಸುವವಳು,
ತುರುಬಿನ ಸುತ್ತ ಹೂ, ಮೊಣಕಾಲವರೆಗೆ ಕೆಸರು.
"ಬಾಗಿಲಿಗೊಂದು ಮಾತು ಬೇಕು ಮೇಷ್ಟ್ರೇ.
ಓದು ನನಗೆ ಬಾರದು. ನೋಡಿದವರು ಹೆದರಬೇಕು,
ಇಲ್ಲವೇ ಸಾಲ ಕೊಡಬೇಕು."

ಅಪ್ಪ ಕುಂಚವನ್ನು ತುಟಿಗೆ ತಾಕಿಸಿ ಚೂಪು ಮಾಡಿದ.
ಹಳೆಯ ಪೇಪರಿನ ಮೇಲೆ ಎರಡೇ ಗೀಟಿನ ‘ಲಿ’:
"ಇದು ಬಲ. ಹಿಂದೆ ನೇಗಿಲ ಚಿತ್ರವಂತೆ."
ಅವಳು ತಲೆ ಓರೆ ಮಾಡಿದಳು:
"ನೇಗಿಲೆಲ್ಲಿ? ಇದು ಬುಟ್ಟಿ ಎತ್ತುವ ಮೊಣಕೈ.
ಎಡಗೈ. ನನ್ನದು."

"ಹಾಗಾದರೆ ‘ರೆನ್’, ಸಹನೆ.
ಮೇಲೆ ಅಲಗು, ಕೆಳಗೆ ಎದೆ.
ಅಲಗು ಊರಿದ್ದರೂ ಅಲುಗದೆ ಇರುವುದು."
ಸೊಂಟದಿಂದ ಮೊಂಡು ಚೂರಿ ತೆಗೆದು
ಮಸಿಗಲ್ಲಿನ ಪಕ್ಕ ಇಟ್ಟಳು:
"ನನ್ನ ಅಲಗು ಹೋಗುವುದು ಚಿಪ್ಪಿನ ಸಂದಿಗೆ.
ಎದೆಗೆ ಇಟ್ಟುಕೊಂಡು ಕೂತರೆ
ಸಂಜೆಗೆ ಗಂಜಿ ಯಾರು ಕಾಸುತ್ತಾರೆ?"

ಅಪ್ಪ ಸುಲಭಕ್ಕೆ ಸೋಲುವವನಲ್ಲ. ಹರೆಯದಲ್ಲಿ ಹಡಗು ಹತ್ತಿ
ನಾಗಸಾಕಿಯಲ್ಲಿ ಅಂಗಡಿ ಬೋರ್ಡು ಬರೆದು ಬಂದವನು.
ಪೆಟ್ಟಿಗೆಯ ತಳದ ಹಬ್ಬದ ಬಟ್ಟೆಯಂತೆ
ಅಲ್ಲಿನ ಗಾದೆಯೊಂದನ್ನು ಬಿಚ್ಚಿದ:
"ಕಲ್ಲಿನ ಮೇಲಾದರೂ ಮೂರು ವರುಷ ಕೂತರೆ
ಕಲ್ಲೂ ಬೆಚ್ಚಗಾಗುತ್ತದಂತೆ."
"ಇಪ್ಪತ್ತೆರಡು ವರುಷ ಕೂತೆ ದಂಡೆಯ ಕಲ್ಲಿನ ಮೇಲೆ.
ಅದು ಬೆಚ್ಚಗಾದದ್ದು ಕಾಣೆ,
ನನ್ನ ಮಂಡಿ ಮಾತ್ರ ಕಲ್ಲಾಯಿತು."

ಹನಿ ಬಿದ್ದು ಬಂಡೆ ತೂತಾದ ಮಾತು,
ಕಬ್ಬಿಣದ ಒನಕೆಯನ್ನು ಸೂಜಿಯಾಗುವ ತನಕ
ಮಸೆದ ಮುದುಕಿಯ ಮಾತು,
ಎರಡನ್ನೂ ಅಪ್ಪ ಗಂಟಲಲ್ಲೇ ನುಂಗಿದ್ದು ಕಂಡೆ.

"ದುಡ್ಡಿನದು ಬರೀರಿ."
"ಸಿರಿ ಮೂರು ತಲೆಮಾರು ದಾಟದು ಅನ್ನುತ್ತಾರಮ್ಮ."
"ದಾಟುವ ಮಾತು ಆಮೇಲೆ.
ಮೊದಲನೆಯದರ ಹೊಸ್ತಿಲಿಗೆ ಬರಲಿ."

ಬರೆದ ‘ಫು’. ಸಿಂಪಿ ಬಿಡಿಸಿದ ಹಾಗೆ ಬಿಡಿಸಿ ತೋರಿಸಿದ:
ಮೇಲೆ ಸೂರು. ಕೆಳಗೊಂದು ಗೀಟು, ಎಂದರೆ ಒಂದು.
ಅದರಡಿ ಚೌಕ, ಬಾಯಿ. ಅದರಡಿ ಬದು ಹಾಕಿದ ಹೊಲ.
"ಒಂದೇ ಬಾಯಿಯೇ?"
ಕೈ ಎತ್ತಿದಳು. ಐದು ಬೆರಳು,
ಕಿರುಬೆರಳು ಅರ್ಧಕ್ಕೇ ನಿಂತದ್ದು.
"ನಾಲ್ಕೂವರೆ?" ಎಂದ ಅಪ್ಪ, ನಗದೆ.
"ಲೆಕ್ಕ ಸರಿಯಾಯಿತು. ಚಿಕ್ಕದಿನ್ನೂ ಮೊಲೆ ಕುಡಿಯುತ್ತದೆ."

"ಹೊಲವೂ ಇಲ್ಲ ಮೇಷ್ಟ್ರೇ. ಇಳಿತ ಬಿದ್ದಾಗ
ಕಡಲು ಬಿಟ್ಟುಹೋದ ಕೆಸರು,
ಆರು ತಾಸು ನಮ್ಮದು, ಆರು ತಾಸು ಅದರದು.
ಸೂರು ಒಂದಿದೆ. ಗೋಡೆ ಪೂರಾ ಸಿಂಪಿ ಚಿಪ್ಪು."
ಚಿಪ್ಪು ಎಂದೊಡನೆ ಅಪ್ಪ ನೆಟ್ಟಗಾದ:
"ಒಂದು ಕಾಲಕ್ಕೆ ಕವಡೆಯೇ ನಾಣ್ಯ.
ಹಣದ ಅಕ್ಷರಗಳ ಪಕ್ಕೆಯಲ್ಲಿ ಇಂದಿಗೂ ಚಿಪ್ಪಿದೆ."
"ಹಂಗಾದರೆ ನಾನು ಮಲಗುವುದು ಖಜಾನೆಯಲ್ಲಿ!"
ಅವಳ ನಗೆಗೆ ಬೆಚ್ಚಿ
ಸಂತೆಯ ಬೆಕ್ಕು ಮೇಜಿನಿಂದ ಇಳಿಯಿತು.

ಕೆಂಪು ಹಾಳೆಗೆ ಕೊನೆಗೂ ಅದೇ ‘ಫು’.
ಅಕ್ಷರ ಕೆಡಿಸುವವನಲ್ಲ ಅಪ್ಪ. ಆ ಸಲ ಮಾತ್ರ
ಬಾಯನ್ನು ಹಿಗ್ಗಿಸಿದ,
ಸೂರಿನ ಎರಡೂ ಅಂಚಿಗೆ ತಾಗುವಷ್ಟು.
ಕೆಳಗಿನ ಹೊಲ ಇರುಕಾಗಿ, ಒದ್ದೆಯಾಗಿ,
ತುಸು ಹರಡಿಕೊಂಡು ಉಳಿಯಿತು.
ಬೆಲೆ, ಒಂದು ಬೊಗಸೆ ಸಿಂಪಿ.
ಅವತ್ತು ನಮ್ಮ ಮನೆಯ ಎರಡು ಬಾಯಿಗೆ ಸಾಕಾಯಿತು.

ಈಗ ಮೇಜು ನನ್ನದು. ಇಟ್ಟಿಗೆ ಅದೇ.
ಕಾರು ಕೊಂಡವರು, ಹೋಟೆಲು ತೆರೆದವರು
ಬಂದು ‘ಫು’ ಕೇಳುತ್ತಾರೆ, ಚಿನ್ನದ ಮಸಿಯಲ್ಲಿ.
ಅಚ್ಚಿನ ಹಾಗೆ ಬರೆದುಕೊಡುತ್ತೇನೆ.
ಬಾಯಿ ಮುಚ್ಚುವ ಮೂರನೆಯ ಗೀಟಿಗೆ ಬಂದಾಗ
ಕುಂಚ ತಡೆಯುತ್ತದೆ,
ತಲೆ ಎತ್ತದೆ ಕೇಳಿಬಿಡುತ್ತೇನೆ:
ಮನೆಯಲ್ಲಿ ಎಷ್ಟು ಜನ?